ಕ್ಲೇಮೇ ಇಲ್ಲದಿದ್ದರೂ ಕಾರಿನ ಪ್ರೀಮಿಯಂ ಐದು ಸಾವಿರದಷ್ಟು ಜಾಸ್ತಿ. ಕಂಪನಿ ಬದಲಿಸಿದರೆ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಉಳಿಯುತ್ತಾ?

ತಿರುವು_ರಸ್ತೆ:

ಎಲ್ಲರಿಗೂ ನಮಸ್ಕಾರ. ಕಾರು 1197 ಸಿಸಿ ಪೆಟ್ರೋಲ್, ಈ ರಿನ್ಯೂವಲ್‌ಗೆ ಸರಿಯಾಗಿ ಐದು ವರ್ಷ ತುಂಬುತ್ತದೆ. ಇವತ್ತಿನವರೆಗೆ ಒಂದೂ ಕ್ಲೇಮ್ ಇಲ್ಲ. ಪಾಲಿಸಿ ಮುಗಿಯಲು ಇನ್ನು 18 ದಿನ. ಎರಡೂ ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದೆ.

ಹೋದ ವರ್ಷ: ಐಡಿವಿ (ವಿಮೆಯಲ್ಲಿ ಕಾರಿಗೆ ಹಿಡಿದ ಬೆಲೆ) 4,20,000. ಓನ್ ಡ್ಯಾಮೇಜ್ (ನಮ್ಮ ಕಾರಿನ ಹಾನಿಗೆ) 5,200, ಎನ್‌ಸಿಬಿ 45% ಕಳೆದು 2,860. ಆಡ್-ಆನ್‌ಗಳು (ಹೆಚ್ಚುವರಿ ರಕ್ಷಣೆಗಳು) 2,100. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಗೆ) 3,416. ಮಾಲೀಕ-ಚಾಲಕರ ಅಪಘಾತ ವಿಮೆ 325. ಜಿಎಸ್‌ಟಿ ಸೇರಿ 10,267 ರೂ.

ಈ ವರ್ಷ: ಐಡಿವಿ 3,80,000. ಓನ್ ಡ್ಯಾಮೇಜ್ 9,600, ಎನ್‌ಸಿಬಿ 50% ಕಳೆದು 4,800. ಆಡ್-ಆನ್‌ಗಳು 4,150. ಥರ್ಡ್ ಪಾರ್ಟಿ ಅದೇ 3,416. ಅಪಘಾತ ವಿಮೆ 375. ಜಿಎಸ್‌ಟಿ ಸೇರಿ 15,034 ರೂ.

ಕಾರಿನ ಬೆಲೆ ಇಳಿದಿದೆ, ಎನ್‌ಸಿಬಿ ಏರಿದೆ, ಆದರೂ ಒಟ್ಟು ಮೊತ್ತ ಯಾಕೆ ಏರಿತು? ಇನ್ನೊಂದು ಕಂಪನಿ 10,480ಕ್ಕೆ ಕೊಡುತ್ತದೆ, ಆದರೆ ಐಡಿವಿ 3,10,000. ಅಲ್ಲಿಗೆ ಹೋದರೆ ಐದು ವರ್ಷ ಕೂಡಿಟ್ಟ ಎನ್‌ಸಿಬಿ ಕೈಬಿಟ್ಟು ಹೋಗುತ್ತಾ?

ಪಾಲಿಸಿ_ಓದುಗ:

ಮೊದಲು ಎನ್‌ಸಿಬಿ ವಿಷಯ. ಅದು ಕಂಪನಿಯದಲ್ಲ, ಕಾರಿನದೂ ಅಲ್ಲ, ನಿಮ್ಮದು. ಯಾವ ಕಂಪನಿಗೆ ಹೋದರೂ 50% ನಿಮ್ಮ ಜೊತೆಗೇ ಬರುತ್ತದೆ. ರಿನ್ಯೂವಲ್ ನೋಟಿಸು, ಹಳೇ ಪಾಲಿಸಿಯ ಪ್ರತಿ ಇದ್ದರೆ ಸಾಕು. ಶರತ್ತು ಒಂದೇ: ಪಾಲಿಸಿ ಮುಗಿದು 90 ದಿನದೊಳಗೆ ಹೊಸದು ಆಗಿರಬೇಕು. 91ನೇ ದಿನಕ್ಕೆ ಐದು ವರ್ಷದ್ದೂ ಸೊನ್ನೆ.

ಈಗ ದರ ಯಾಕೆ ಏರಿತು ಅನ್ನುವುದು. ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ. 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ 3,416. ಎಲ್ಲಾ ಕಂಪನಿಯಲ್ಲೂ ಅಷ್ಟೇ, ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಆಟವೆಲ್ಲ ನಡೆಯುವುದು ಓನ್ ಡ್ಯಾಮೇಜ್ ಮತ್ತು ಆಡ್-ಆನ್ ಸಾಲುಗಳಲ್ಲಿ.

ನಿಮ್ಮ ಓನ್ ಡ್ಯಾಮೇಜನ್ನು ಐಡಿವಿಯಿಂದ ಭಾಗಿಸಿ ನೋಡಿ. ಹೋದ ವರ್ಷ ನೂರು ರೂಪಾಯಿಗೆ 1.24 ಬೀಳುತ್ತಿತ್ತು, ಈ ವರ್ಷ 2.53. ದರ ದುಪ್ಪಟ್ಟಾಗಿದೆ. ಐಡಿವಿ ಇಳಿದದ್ದು, ಎನ್‌ಸಿಬಿ ಏರಿದ್ದು ಎರಡನ್ನೂ ಇದೊಂದೇ ನುಂಗಿಹಾಕಿದೆ. ಹಳೇ ಟ್ಯಾರಿಫ್ ಪುಸ್ತಕದ (ಮೊದಲು ಎಲ್ಲಾ ಕಂಪನಿಗೂ ಒಂದೇ ಇದ್ದ ದರಪಟ್ಟಿ) ಪ್ರಕಾರ ಈ ಸಿಸಿಯ ಕಾರಿಗೆ ಎ ವಲಯದಲ್ಲಿ (ದೊಡ್ಡ ನಗರಗಳಲ್ಲಿ) ಐದು ವರ್ಷದವರೆಗೆ 3.283%, ಐದು ದಾಟಿದ ಮೇಲೆ 3.447%. ಅಂದರೆ ಕಾರಿಗೆ ವಯಸ್ಸಾದದ್ದರಿಂದ ಏರಬೇಕಾದದ್ದು ತೀರಾ ಸ್ವಲ್ಪ. ಉಳಿದದ್ದು ಡಿಸ್ಕೌಂಟ್ ಕಡಿತ: ಆ ಪುಸ್ತಕದ ದರದ ಮೇಲೆ ಹೋದ ಸಲ ಸುಮಾರು 62% ಬಿಟ್ಟಿದ್ದರು, ಈ ಸಲ 27% ಮಾತ್ರ. 2007ರಲ್ಲಿ ಓನ್ ಡ್ಯಾಮೇಜ್ ದರವನ್ನು ಕಂಪನಿಗಳಿಗೇ ಬಿಟ್ಟುಕೊಟ್ಟ ಮೇಲೆ ಈ ಡಿಸ್ಕೌಂಟ್ ಎಷ್ಟಿರಬೇಕು ಅನ್ನುವುದು ಅವರವರ ಲೆಕ್ಕಾಚಾರ. ಆದ್ದರಿಂದಲೇ ಪ್ರತಿ ವರ್ಷ ಬೇರೆ ಕಡೆ ವಿಚಾರಿಸದೆ ದುಡ್ಡು ಕಟ್ಟಬಾರದು.

10,480ರ ಕೋಟನ್ನು ಹಾಗೇ ಹೋಲಿಸಬೇಡಿ. ಐದು ವರ್ಷದವರೆಗೆ ಐಡಿವಿಗೆ ಸವಕಳಿ ಪಟ್ಟಿ ಇದೆ, ನಾಲ್ಕು ತುಂಬಿ ಐದರೊಳಗಿದ್ದರೆ 50%. ಐದು ದಾಟಿದರೆ ಪಟ್ಟಿ ಇಲ್ಲ, ಕಂಪನಿಯೂ ನೀವೂ ಒಪ್ಪಿಕೊಂಡದ್ದೇ ಐಡಿವಿ. ಅದಕ್ಕೇ ಒಬ್ಬರು 3,80,000 ಅಂದರೆ ಇನ್ನೊಬ್ಬರು 3,10,000 ಅನ್ನುತ್ತಾರೆ. ಕಂಪನಿಯ ಜಾಲತಾಣದಲ್ಲಿ ಐಡಿವಿ ತಿದ್ದುವ ಜಾಗ ಇರುತ್ತದೆ, ಅಲ್ಲಿ 3,80,000 ಹಾಕಿ ಮತ್ತೆ ಕೋಟ್ ತೆಗೆಯಿರಿ. ನಿಮ್ಮ ಹಳೇ ಕಂಪನಿಯ ದರದಲ್ಲೇ ಲೆಕ್ಕ ಹಾಕಿದರೂ ಐಡಿವಿಯನ್ನು 70,000 ಇಳಿಸಿ ಉಳಿಯುವುದು 884 ರೂ., ಜಿಎಸ್‌ಟಿ ಸೇರಿಸಿ 1,043. ಕಾರು ಕಳುವಾದರೆ ಕೈಗೆ ಬರುವ ಹಣದಲ್ಲಿ ಮಾತ್ರ ಪೂರ್ತಿ 70,000 ಖೋತಾ. ಇನ್ನೊಂದು ತೊಡಕೂ ಇದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸದೆ ಐಡಿವಿ ಲೆಕ್ಕದಲ್ಲಿ ಹಣ ಕೊಟ್ಟು ಮುಗಿಸುವುದು. 3,80,000ಕ್ಕೆ ಆ ಗಡಿ 2,85,000, 3,10,000ಕ್ಕೆ 2,32,500. ಐಡಿವಿ ಇಳಿಸಿದಷ್ಟೂ ರಿಪೇರಿ ಆಗಬಹುದಾಗಿದ್ದ ಕಾರು ಗುಜರಿಗೆ ಹತ್ತಿರವಾಗುತ್ತದೆ.

ಬೋಲ್ಟ್_ನಟ್ಟು:

ಆಡ್-ಆನ್ 2,100 ಇದ್ದದ್ದು 4,150 ಆಗಿದೆಯಲ್ಲ, ಆ ಸಾಲನ್ನು ಬಿಡಿಸಿ ಕೇಳಿ. ಝೀರೋ ಡೆಪ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದ ರಕ್ಷಣೆ) ಎಷ್ಟು, ಇಂಜಿನ್ ಪ್ರೊಟೆಕ್ಟ್ ಎಷ್ಟು, ಕೀಲಿಗೆ ಎಷ್ಟು, ಕನ್ಸ್ಯೂಮಬಲ್ಸ್‌ಗೆ (ಆಯಿಲ್, ನಟ್ಟಿನಂಥ ಸಣ್ಣಪುಟ್ಟ ಸಾಮಾನಿಗೆ) ಎಷ್ಟು ಅಂತ. ಪ್ಯಾಕ್ ಅಂತ ಒಟ್ಟಿಗೆ ಕಟ್ಟಿ ಕೊಟ್ಟಿದ್ದರೆ ಬಿಡಿಬಿಡಿಯಾಗಿ ತೆಗೆದುಕೊಳ್ಳುವ ಪ್ಲಾನ್ ಇದೆಯಾ ಕೇಳಿ.

ದರ ಇಳಿಸಲು ಝೀರೋ ಡೆಪ್ ಮಾತ್ರ ಕಿತ್ತುಹಾಕಬೇಡಿ. ಅದರ ಬೆಲೆ ಗೊತ್ತಾಗುವುದೇ ಐದು ವರ್ಷದ ನಂತರ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50% ಸವಕಳಿ. ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಕ್ಕೆ 40%. ಗಾಜಿಗೆ ಮಾತ್ರ ಇಲ್ಲ. 12,000ದ ಬಂಪರ್ ಅಂದರೆ 6,000 ನಿಮ್ಮ ಜೇಬಿನಿಂದ. ಬಾನೆಟ್, ಫೆಂಡರ್, ಹೆಡ್‌ಲೈಟ್ ಸೇರಿ ಮುಂಭಾಗ ನಜ್ಜುಗುಜ್ಜಾದರೆ ಒಂದೇ ಸಲಕ್ಕೆ ಹತ್ತು ವರ್ಷದ ಝೀರೋ ಡೆಪ್ ಪ್ರೀಮಿಯಂ ಹೋಗಿಬಿಡಬಹುದು. ಒಂದು ವರ್ಷ ಬಿಟ್ಟು ಮುಂದಿನ ವರ್ಷ ಬೇಕು ಅಂದರೆ ಹಲವು ಕಂಪನಿಗಳು ಕಾರು ತಪಾಸಣೆ ಕೇಳುತ್ತವೆ, ಇಲ್ಲವೇ ಕೊಡುವುದೇ ಇಲ್ಲ. ವರ್ಷಕ್ಕೆ ಎಷ್ಟು ಝೀರೋ ಡೆಪ್ ಕ್ಲೇಮಿಗೆ ಅವಕಾಶ ಅನ್ನುವುದನ್ನೂ ಓದಿಕೊಳ್ಳಿ.

375 ರೂಪಾಯಿಯ ಅಪಘಾತ ವಿಮೆ: ನಿಮ್ಮ ಹೆಸರಿನಲ್ಲಿ ಈಗಾಗಲೇ 15 ಲಕ್ಷದ ವೈಯಕ್ತಿಕ ಅಪಘಾತ ಪಾಲಿಸಿ ಇದ್ದರೆ ಇಲ್ಲಿ ಮತ್ತೆ ಕಟ್ಟಬೇಕಿಲ್ಲ. ಫಾರಂನಲ್ಲಿ ಅದರ ವಿವರ ಕೊಟ್ಟರಾಯಿತು.

ಹಿಂಬದಿ_ಡಿಕ್ಕಿ:

ಇದೇ ಎಳೆಯಲ್ಲಿ ಕೇಳಬಹುದಾ? ಈ ವರ್ಷ ಬಂಪರ್‌ಗೆ ಅಂತ 5,400ರ ಕ್ಲೇಮ್ ಆಗಿದೆ, ಅದಕ್ಕೆ ಮುಂಚೆ ಎನ್‌ಸಿಬಿ 50% ಇತ್ತು. ಈಗ ಬೇರೆ ಕಂಪನಿಯ ಫಾರಂ ತುಂಬುವಾಗ "ಕ್ಲೇಮ್ ಇಲ್ಲ ಅಂತ ಹಾಕೋಣ, ಯಾರೂ ನೋಡಲ್ಲ" ಅಂತ ಏಜೆಂಟರು ಹೇಳುತ್ತಿದ್ದಾರೆ. ಮಾಡಬಹುದಾ?

ಪಾಲಿಸಿ_ಓದುಗ:

ದಯವಿಟ್ಟು ಬೇಡ. ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಘೋಷಣೆ ಇರುತ್ತದೆ: ಎನ್‌ಸಿಬಿ ಬಗ್ಗೆ ಕೊಟ್ಟ ಮಾಹಿತಿ ಸುಳ್ಳಾದರೆ ಪಾಲಿಸಿಯ ಮೊದಲ ಭಾಗದ, ಅಂದರೆ ಓನ್ ಡ್ಯಾಮೇಜ್‌ನ, ಎಲ್ಲಾ ಸೌಲಭ್ಯವನ್ನೂ ಬಿಟ್ಟುಕೊಡುತ್ತೇನೆ ಅಂತ. ಸಹಿ ನಿಮ್ಮದು, ಏಜೆಂಟರದಲ್ಲ. ಟ್ಯಾರಿಫ್ ನಿಯಮ 27ರ ಪ್ರಕಾರ ಹೊಸ ಕಂಪನಿ 21 ದಿನದೊಳಗೆ ಹಳೇ ಕಂಪನಿಗೆ ಬರೆದು ಖಚಿತಪಡಿಸಿಕೊಳ್ಳಬೇಕು. ಆಗ ಕೇಳದೆ ಬಿಟ್ಟರೂ ದೊಡ್ಡ ಕ್ಲೇಮ್ ಬಂದ ದಿನ ಕೇಳಿಯೇ ಕೇಳುತ್ತಾರೆ. ನಾಲ್ಕೈದು ಸಾವಿರ ಉಳಿಸಲು ಹೋಗಿ ಎರಡು ಮೂರು ಲಕ್ಷದ ಕ್ಲೇಮಿಗೆ ಕಲ್ಲು ಹಾಕಿಕೊಂಡಂತೆ. ಯಾರಾದರೂ ಈಗಾಗಲೇ ಹಾಗೆ ಪಾಲಿಸಿ ಮಾಡಿಸಿದ್ದರೆ ಇವತ್ತೇ ಕಂಪನಿಗೆ ಮೇಲ್ ಮಾಡಿ, ವ್ಯತ್ಯಾಸದ ಮೊತ್ತ ಕಟ್ಟಿ, ತಿದ್ದುಪಡಿ ಮಾಡಿಸಿಕೊಳ್ಳಿ. ಅಪಘಾತ ಆಗುವ ಮೊದಲು ಸರಿಪಡಿಸಿದರೆ ಮಾತ್ರ ಪ್ರಯೋಜನ.

ಮುಂದಕ್ಕೆ ಬೇಕಾಗುತ್ತದೆ ಅಂತ ಈ ಲೆಕ್ಕವನ್ನೂ ಬರೆಯುತ್ತೇನೆ. 50%ರಲ್ಲಿದ್ದವರು ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷಗಳಲ್ಲಿ ಸಿಗುವುದು 0, 20, 25, 35, 45, ಆಮೇಲೆ ಮತ್ತೆ 50. ಕೈತಪ್ಪುವುದು 50, 30, 25, 15, 5. ಕೂಡಿದರೆ 125. ಅಂದರೆ ಒಂದೂಕಾಲು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ, ಎನ್‌ಸಿಬಿ ಕಳೆಯುವ ಮುಂಚಿನ ಮೊತ್ತದಲ್ಲಿ. ಅದು 8,000 ಇದ್ದರೆ 10,000 ರೂ., ಮೇಲೆ ಜಿಎಸ್‌ಟಿ. ಕಾರು ಹಳೆಯದಾದಂತೆ ಐಡಿವಿ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕೊಂಚ ಕಡಿಮೆ ಇದ್ದೀತು, ಆದರೂ 5,400ಕ್ಕೆ ಕ್ಲೇಮ್ ಮಾಡುವುದು ನಷ್ಟದ ಬಾಬತ್ತೇ. ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಮಾಡಿದರೂ ರಿಯಾಯಿತಿ ಉಳಿಸುವ) ಆಡ್-ಆನ್ ಇದ್ದವರ ಲೆಕ್ಕ ಬೇರೆ, ನಿಮ್ಮ ಪಾಲಿಸಿಯಲ್ಲಿ ಅದಿದೆಯಾ ಒಮ್ಮೆ ನೋಡಿ.

ಹೊಸ_ನಂಬರ್_ಪ್ಲೇಟ್:

ಹೊಸ ಕಾರಿನವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಕಾರಿಗೆ ಮೂರು ವರ್ಷ ತುಂಬಿಲ್ಲದಿದ್ದರೆ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಮೊದಲೇ ಕಟ್ಟಿರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಓನ್ ಡ್ಯಾಮೇಜ್ ಒಂದನ್ನೇ ಬೇರೆ ಕಂಪನಿಯಲ್ಲಿ ಮಾಡಿಸಬಹುದು, 2019ರ ಸೆಪ್ಟೆಂಬರ್‌ನಿಂದ ಅವಕಾಶ ಇದೆ. ಫಾರಂನಲ್ಲಿ ಥರ್ಡ್ ಪಾರ್ಟಿ ಪಾಲಿಸಿಯ ನಂಬರು, ಕಂಪನಿ, ಮುಗಿಯುವ ದಿನಾಂಕ ಹಾಕಬೇಕು. ಆಮೇಲೆ ಎರಡೂ ಪಾಲಿಸಿಯ ಪ್ರತಿ ಕಾರಿನಲ್ಲಿರಲಿ.

ತಿರುವು_ರಸ್ತೆ:

ತುಂಬಾ ಉಪಕಾರವಾಯಿತು. ಐಡಿವಿ 3,80,000, ಅವೇ ಆಡ್-ಆನ್‌ಗಳು ಅಂತ ಹಾಕಿ ಮತ್ತೆ ಕೋಟ್ ತೆಗೆದೆ. 15 ಲಕ್ಷದ ಅಪಘಾತ ಪಾಲಿಸಿ ಬೇರೆ ಇರುವುದರಿಂದ ಆ ಸಾಲು ತೆಗೆಸಿದೆ. ಹೊಸ ಕಂಪನಿ: ಓನ್ ಡ್ಯಾಮೇಜ್ 3,300, ಆಡ್-ಆನ್ 2,700, ಥರ್ಡ್ ಪಾರ್ಟಿ 3,416, ಜಿಎಸ್‌ಟಿ ಸೇರಿ 11,111. ಅದನ್ನು ತೋರಿಸಿದ ಮೇಲೆ ಹಳೇ ಕಂಪನಿ ಓನ್ ಡ್ಯಾಮೇಜನ್ನು 4,100ಕ್ಕೆ, ಆಡ್-ಆನ್ ಅನ್ನು 3,300ಕ್ಕೆ ಇಳಿಸಿ ಒಟ್ಟು 12,763 ಹೇಳಿದೆ. ಹೊಸ ಕೋಟಿನ ಕೆಳಗೆ "ವಾಲಂಟರಿ ಡಿಡಕ್ಟಿಬಲ್ 2,500" ಅಂತ ಒಂದು ಸಾಲಿದೆ. ಅದೇನು?

ಬೋಲ್ಟ್_ನಟ್ಟು:

ಅದೇ ನೋಡಿ, ಅಗ್ಗವಾಗಲು ಅದೂ ಒಂದು ಕಾರಣ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ 1,000 ನೀವು ಕೊಡಬೇಕು. ಅದರ ಮೇಲೆ ನೀವಾಗಿಯೇ ಒಪ್ಪಿಕೊಳ್ಳುವ ಮೊತ್ತ ಈ 2,500. ಎರಡೂ ಸೇರಿ ಪ್ರತಿ ಸಲ 3,500 ನಿಮ್ಮ ತಲೆ ಮೇಲೆ, ಝೀರೋ ಡೆಪ್ ಇದ್ದರೂ ಇದು ತಪ್ಪುವುದಿಲ್ಲ. ಅದನ್ನು ಸೊನ್ನೆ ಮಾಡಿ ಇನ್ನೊಮ್ಮೆ ಕೋಟ್ ತೆಗೆಯಿರಿ. ಆಮೇಲೂ ಸಾವಿರ ರೂಪಾಯಿಯಷ್ಟು ವ್ಯತ್ಯಾಸ ಉಳಿದರೆ, ನೀವು ಕಾರು ಬಿಡುವ ಗ್ಯಾರೇಜಿಗೇ ಫೋನ್ ಮಾಡಿ ಹೊಸ ಕಂಪನಿಯ ಕ್ಯಾಶ್‌ಲೆಸ್ ಇದೆಯಾ ಕೇಳಿ. ಕಂಪನಿಯ ಜಾಲತಾಣದ ಪಟ್ಟಿ ಹಳೆಯದಾಗಿರಬಹುದು. ಅಲ್ಲಿ ಇಲ್ಲ ಅಂದರೆ ಹಳೇ ಕಂಪನಿಯಲ್ಲೇ ಇರಿ ಅನ್ನುತ್ತೇನೆ.

ಪಾಲಿಸಿ_ಓದುಗ:

ಯಾವುದಕ್ಕೆ ಹೋದರೂ ಕೊನೆಯ ದಿನದವರೆಗೆ ಕಾಯಬೇಡಿ. ಪಾಲಿಸಿ ಮುಗಿದ ಮೇಲೆ ಹೋದರೆ ಕಾರಿನ ಫೋಟೊ, ವಿಡಿಯೊ ತಪಾಸಣೆ ಆಗಿ ಅವರು ಒಪ್ಪುವವರೆಗೆ ವಿಮೆ ಇರುವುದಿಲ್ಲ. ಆ ನಡುವೆ ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 196ರಲ್ಲಿ ಮೊದಲ ಸಲಕ್ಕೆ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ಘೋರ ಅಂದರೆ ಯಾರಿಗಾದರೂ ಪೆಟ್ಟಾದರೆ ಪರಿಹಾರ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ.

ಹೊಸ ಪಾಲಿಸಿ ಶುರುವಾಗುವುದು ಹಳೆಯದು ಮುಗಿಯುವ ಮಧ್ಯರಾತ್ರಿಯಿಂದ ಅಂತಿರಬೇಕು, ಮಧ್ಯೆ ಒಂದು ದಿನವೂ ಖಾಲಿ ಬೀಳಬಾರದು. ಪಿಡಿಎಫ್ ಬಂದ ಕೂಡಲೇ ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಇಂಜಿನ್ ನಂಬರು, ಚಾಸಿ ನಂಬರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ತಾಳೆ ನೋಡಿ. ಸೊನ್ನೆ ಇರಬೇಕಾದ ಕಡೆ ಓ ಅಕ್ಷರ ಬಿದ್ದಿರುವುದು ಮಾಮೂಲು. ಎನ್‌ಸಿಬಿ 50% ಅಂತಲೇ ಇದೆಯಾ, ಹಳೇ ಪಾಲಿಸಿ ನಂಬರು ಸರಿಯಿದೆಯಾ, ಸಾಲ ಬಾಕಿ ಇದ್ದರೆ ಬ್ಯಾಂಕಿನ ಹೆಸರು ಬಂದಿದೆಯಾ ನೋಡಿ. ತಪ್ಪಿದ್ದರೆ ಅವತ್ತೇ ಮೇಲ್ ಮಾಡಿ ತಿದ್ದಿಸಿ, ಆ ಮೇಲನ್ನು ಅಳಿಸಬೇಡಿ.