ಬೆಳಕಿನ ವಿನ್ಯಾಸಕಿಯನ್ನು ಕೇಳಿ: ಓದು, ಶುಲ್ಕ, ಕಮಿಷನ್ ಮತ್ತು ಮಲೆನಾಡಿನ ಮಳೆ

ನಿರ್ವಾಹಕರು: ಈ ವಾರ ಗುಂಪಿನ ಸದಸ್ಯೆಯೊಬ್ಬರು ಕಟ್ಟಡಗಳ ಬೆಳಕಿನ ವಿನ್ಯಾಸದ ಬಗ್ಗೆ ಉತ್ತರಿಸುತ್ತಾರೆ. ಬೆಂಗಳೂರಿನ ಕಚೇರಿಗಳಲ್ಲಿ ದುಡಿದು, ಈಗ ಹಾಸನದಿಂದ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದಾರೆ. ಮನೆಯ ಸ್ವಿಚ್ ಶಾಕ್ ಹೊಡೆಯುವ ದೂರುಗಳಿಗೆ ಎಲೆಕ್ಟ್ರಿಷಿಯನ್ ಇದ್ದಾರೆ, ಇಲ್ಲಿ ಬೇಡ.

ಪ್ರಶ್ನೆ (ಹಾಸನ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ): ಮೇಡಂ, ಆರ್ಕಿಟೆಕ್ಚರ್ ಓದದೆ ಈ ಕೆಲಸಕ್ಕೆ ಬರಬಹುದೇ? "ಬಲ್ಬು ಹಾಕುವುದಕ್ಕೆ ಎಂಜಿನಿಯರಿಂಗ್ ಯಾಕೆ ಬೇಕಿತ್ತು" ಎಂದು ಅಪ್ಪ ಕೇಳುತ್ತಿದ್ದಾರೆ.

ಉತ್ತರ: ಬರಬಹುದು. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಬೆಳಕಿನ ವಿನ್ಯಾಸಕರಿಗೆ ನಮ್ಮಲ್ಲಿ ಅಂಥ ಪರವಾನಗಿಯೇ ಇಲ್ಲ. ನಿಮಗೆ ಬಾಗಿಲು ತೆರೆದಿದೆ ನಿಜ, ಕ್ಯಾಟಲಾಗ್ ಹಿಡಿದುಕೊಂಡ ಪ್ರತಿಯೊಬ್ಬರಿಗೂ ಅದು ಅಷ್ಟೇ ತೆರೆದಿದೆ ಎಂಬುದನ್ನೂ ನೆನಪಿಡಿ. ಓದಲೇಬೇಕೆಂದರೆ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಇಲ್ಯುಮಿನೇಷನ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿ ಇದೆ. ಹಣಕ್ಕೆ ತೊಂದರೆ ಇಲ್ಲದವರು ಸ್ಟಾಕ್‌ಹೋಮ್, ಲಂಡನ್ ಎಂದು ಹೋಗುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಯಾವುದಾದರೂ ಕಚೇರಿಯಲ್ಲಿ ಹಿರಿಯರ ಕೈಕೆಳಗೆ ಕಲಿತವರೇ.

ನಿಮ್ಮ ಓದಿನವರಿಗೆ ಸರ್ಕ್ಯೂಟ್, ಡ್ರೈವರ್ (ಎಲ್‌ಇಡಿಗೆ ತಕ್ಕ ವಿದ್ಯುತ್ ಕೊಡುವ ಪುಟ್ಟ ಸಾಧನ), ಡಿಮ್ಮಿಂಗ್ (ಬೆಳಕು ಕುಗ್ಗಿಸುವುದು) ಬೇಗ ಹಿಡಿತಕ್ಕೆ ಸಿಗುತ್ತದೆ. ಕೊರತೆ ಬೀಳುವುದು ನಕ್ಷೆ ಓದುವುದರಲ್ಲಿ. ಪ್ಲಾನ್ ನೋಡಿದ ಕೂಡಲೇ ತಾರಸಿಗೂ ಫಾಲ್ಸ್ ಸೀಲಿಂಗ್‌ಗೂ ನಡುವೆ ಎಷ್ಟು ಜಾಗ ಉಳಿದಿದೆ, ತೊಲೆ ಎಲ್ಲಿ ಹಾಯುತ್ತದೆ, ಎ.ಸಿ. ಡಕ್ಟ್ ಎಲ್ಲಿ ನಿಮ್ಮ ದೀಪದ ತಲೆಯ ಮೇಲೆ ಕೂರುತ್ತದೆ ಎಂಬುದು ಕಣ್ಣಿಗೆ ಕಟ್ಟಬೇಕು. ದಿನದ ಬಹುಪಾಲು ಹೋಗುವುದು ಇದಕ್ಕೇ: ನಕ್ಷೆ ತಿದ್ದುವುದು, ದೀಪದ ಪಟ್ಟಿ ಮಾಡುವುದು, ಡ್ರೈವರ್ ಕೈಗೆಟಕುವ ಕಡೆ ಇಡಿ ಎಂದು ಗುತ್ತಿಗೆದಾರರೊಂದಿಗೆ ಜಗಳ ಆಡುವುದು. ಸೀಲಿಂಗ್ ಮುಚ್ಚಿದ ಮೇಲೆ ಒಳಗಿನ ಡ್ರೈವರ್ ಸುಟ್ಟುಹೋದರೆ ಪಿಒಪಿ ಒಡೆಯಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ 50,000 ಗಂಟೆ ಎಂದು ಬರೆದಿರುವುದು ಸಾಮಾನ್ಯವಾಗಿ ಎಲ್‌ಇಡಿಯ ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುವವರೆಗಿನ ಲೆಕ್ಕ. ಡ್ರೈವರ್‌ನ ಆಯಸ್ಸು ಬೇರೆ, ಬಹಳ ಸಲ ಕಡಿಮೆ.

ತಂದೆಯವರಿಗೆ ಹೀಗೆ ಹೇಳಿ: ಬಲ್ಬು ಎಲ್ಲಿ ಹಾಕಬಾರದು ಎಂದು ಹೇಳುವುದಕ್ಕೆ ಸಂಬಳ ಕೊಡುತ್ತಾರೆ.

ಪ್ರಶ್ನೆ (ಮೂಡಿಗೆರೆ, ಹೋಂಸ್ಟೇ ಮಾಲೀಕರು): ತೋಟದ ದಾರಿಗೆ, ಕಾಟೇಜ್ ಜಗುಲಿಗೆ ಅಂಗಡಿಯವರು ಹೇಳಿದಂತೆಯೇ ದೀಪ ಹಾಕಿಸಿದೆ. ದೂಳು, ನೀರು ತಡೆಯುವ ಐಪಿ65 ದರ್ಜೆ ಎಂದೇ ಕೊಟ್ಟರು. ಒಂದು ಮಳೆಗಾಲಕ್ಕೆ ಅರ್ಧದಷ್ಟರ ಒಳಗೆ ನೀರು. ಉಳಿದವುಗಳಿಗೆ ಹುಳು. ಜಗುಲಿಯಲ್ಲಿ ಕೂತು ಊಟ ಮಾಡಲು ಆಗುವುದಿಲ್ಲ ಎಂದು ಅತಿಥಿಗಳು ಬೇಸರಪಡುತ್ತಾರೆ.

ಉತ್ತರ: ಒಡೆಯರೇ, ಒಂದು ಕೆಟ್ಟ ದೀಪವನ್ನು ಬಿಚ್ಚಿ ನೋಡಿ. ನೀರು ಗಾಜಿನ ಕಡೆಯಿಂದ ಬಂದಿರುವುದಿಲ್ಲ, ವೈರಿನ ಕಡೆಯಿಂದ ಬಂದಿರುತ್ತದೆ. ಸಂಜೆ ಉರಿದ ದೀಪದ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮಳೆ ಬಿದ್ದು ತಣಿದಾಗ, ಇಲ್ಲವೇ ದೀಪ ಆರಿಸಿದಾಗ ಅದೇ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಕೇಬಲ್‌ನ ಇನ್ನೊಂದು ತುದಿ ಮಣ್ಣಿನಲ್ಲಿ ಬರೀ ಟೇಪ್ ಸುತ್ತಿಕೊಂಡು ಕೂತಿದ್ದರೆ, ತಾಮ್ರದ ಎಳೆಗಳ ಸಂದಿಯಲ್ಲೇ ತೇವ ಹತ್ತಿಕೊಂಡು ಬರುತ್ತದೆ. ಐಪಿ ಸಂಖ್ಯೆ ಕಾರ್ಖಾನೆಯಲ್ಲಿ ಪರೀಕ್ಷಿಸಿದ ದೀಪಕ್ಕೆ ಸೇರಿದ್ದು, ನಿಮ್ಮ ಎಲೆಕ್ಟ್ರಿಷಿಯನ್ ಹಾಕಿದ ಜಾಯಿಂಟಿಗೆ ಅಲ್ಲ. ಜೆಲ್ ತುಂಬಿದ ಜಾಯಿಂಟ್, ಕೇಬಲ್ ಗಾತ್ರಕ್ಕೆ ಸರಿಹೊಂದುವ ಗ್ಲ್ಯಾಂಡ್ (ಕೇಬಲ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಬಿರಡೆ), ನೆಲಕ್ಕಿಂತ ಎತ್ತರದಲ್ಲಿ ಜಂಕ್ಷನ್ ಬಾಕ್ಸ್ ಹಾಕಿಸಿ. ನೆಲದಲ್ಲಿ ಹೂತು ಮೇಲಕ್ಕೆ ಉರಿಯುವ ದೀಪಗಳನ್ನಂತೂ ನಾನು ನಿಮ್ಮ ಕಡೆಯ ಮಳೆಗೆ ಬರೆಯುವುದೇ ಇಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಡ್ರೈವರ್‌ಗಳು ಒಟ್ಟಿಗೇ ಸಾಯುತ್ತಿದ್ದರೆ ಮುಖ್ಯ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಸಿ. ಅದಕ್ಕೂ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ಅಳೆಯಿಸಿ, ಅದಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಅಲಂಕಾರಕ್ಕೆ ಮಾತ್ರ.

ಹುಳುಗಳಿಗೆ ನೀಲಿ ಮತ್ತು ಅತಿನೇರಳೆ ಅಂಶ ಹೆಚ್ಚಿರುವ ಬೆಳಕು ಇಷ್ಟ. ನೀವು ಹಾಕಿಸಿರುವುದು ಬಹುಶಃ 6,500 ಕೆಲ್ವಿನ್‌ನ ಹಾಲುಬಿಳಿ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ). 2,700ಕ್ಕೆ ಇಳಿಯಿರಿ, ಸಾಧ್ಯವಾದ ಕಡೆ ಇನ್ನೂ ಹಳದಿಗೆ. ಮಳೆಹುಳು ಏಳುವ ಸಂಜೆ ಯಾವ ಬಣ್ಣವೂ ಪೂರ್ತಿ ಕಾಪಾಡುವುದಿಲ್ಲ. ಅಂಥ ದಿನಕ್ಕೆ ಊಟದ ಜಾಗದಿಂದ ಹತ್ತು ಹೆಜ್ಜೆ ಆಚೆ ಒಂದು ಬಿಳಿ ದೀಪ ಇರಲಿ, ಹುಳು ಅತ್ತ ಹೋಗುತ್ತವೆ. ದಾರಿಗೆ ಮೊಣಕಾಲೆತ್ತರದಲ್ಲಿ, ಮೇಲೆ ಮುಚ್ಚಳವಿರುವ, ನೆಲಕ್ಕಷ್ಟೇ ಬೆಳಕು ಬೀಳುವ ದೀಪ ಸಾಕು. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ (ನೆಲ, ಮೇಜಿನಂಥ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಕೂಡ ಇರುವುದಿಲ್ಲ, ಆದರೂ ತೋಟದಲ್ಲಿ ನಡೆಯುತ್ತೇವೆ. ದಾರಿಗೆ 5 ಲಕ್ಸ್ ಕೊಟ್ಟರೆ ಧಾರಾಳ. ಮುಂಗಾರಿಗೆ ಮೊದಲು ನಿಮ್ಮ ತೋಟದಲ್ಲಿ ಮಿಂಚುಹುಳು ಬರುವುದಾದರೆ ಆ ವಾರಗಳಲ್ಲಿ ಮರಗಳಿಗೆ ಹೊಡೆಯುವ ದೀಪಗಳನ್ನು ಆರಿಸಿಬಿಡಿ. ಅವು ಜೊತೆಗಾರರನ್ನು ಹುಡುಕುವುದೇ ಬೆಳಕಿನ ಸನ್ನೆಯಿಂದ.

ಪ್ರತಿಕ್ರಿಯೆ (ಹಾಸನ, ಲೈಟ್ ಅಂಗಡಿ): ಮೇಡಂ, ಎಲ್ಲ ತಪ್ಪೂ ಅಂಗಡಿಯವರದೇ ಎನ್ನುವಂತಿದೆ. ನಾವು ಲೇಔಟ್ ಉಚಿತವಾಗಿ ಕೊಡುತ್ತೇವೆ, ಕೆಟ್ಟರೆ ಬದಲಿಸಿಕೊಡುತ್ತೇವೆ. ನೀವು ಕಾಗದಕ್ಕೆ ದುಡ್ಡು ತೆಗೆದುಕೊಂಡು ಹೋಗುತ್ತೀರಿ. ದೀಪ ಹೋದಾಗ ರಾತ್ರಿ ಫೋನ್ ಬರುವುದು ನನಗೆ.

ಉತ್ತರ: ಕೊನೆಯ ಮಾತು ನೂರಕ್ಕೆ ನೂರು ನಿಜ. ಮಾರಿದ ಮೇಲೂ ಫೋನ್ ಎತ್ತುವ ಅಂಗಡಿ ಊರಿಗೆ ಬೇಕು, ಅಂಥವರ ಹೆಸರನ್ನು ನಾನೇ ಗ್ರಾಹಕರಿಗೆ ಹೇಳುತ್ತೇನೆ.

ಆದರೆ ಅಣ್ಣ, ನಿಮ್ಮ ಲೇಔಟ್ ಉಚಿತವಲ್ಲ. ಅದರ ಬೆಲೆ ದೀಪದ ಬೆಲೆಯೊಳಗೇ ಇದೆ. ಲೇಔಟ್‌ನಲ್ಲಿ ದೀಪ ಕಡಿಮೆಯಾದಷ್ಟೂ ನಿಮಗೆ ನಷ್ಟ. ಇದು ನಿಮ್ಮ ಗುಣದ ಮಾತಲ್ಲ, ವ್ಯಾಪಾರದ ಲೆಕ್ಕ. ನನ್ನ ಕಸುಬಿನವರಲ್ಲೂ ಅಂಗಡಿಯಿಂದ ಶೇಕಡಾ ಇಷ್ಟು ಎಂದು ಕಮಿಷನ್ ಪಡೆಯುವವರಿದ್ದಾರೆ. ಹಾಗೆ ಪಡೆದ ಮೇಲೆ "ಈ ಹಾಲಿಗೆ ಇನ್ನು ದೀಪ ಬೇಡ" ಎನ್ನುವ ಬಾಯಿ ಉಳಿಯುವುದಿಲ್ಲ. ನಾನು ಶುಲ್ಕ ಮಾತ್ರ ತೆಗೆದುಕೊಳ್ಳುವುದು ಆ ಬಾಯಿಗಾಗಿ. ಶುಲ್ಕ ಕೇಳಿ ಎದ್ದು ಹೋದ ಗ್ರಾಹಕರು ಬೇಕಾದಷ್ಟು ಮಂದಿ, ಅದೂ ನಿಜ.

ಇನ್ನೊಂದು ಜಗಳವನ್ನೂ ಇಲ್ಲೇ ಆಡಿಬಿಡುತ್ತೇನೆ. ಪಟ್ಟಿಯಲ್ಲಿ "ಅಥವಾ ಇದಕ್ಕೆ ಸಮನಾದದ್ದು" ಎಂದು ಬರೆಯುತ್ತೇವೆ. ವ್ಯಾಟ್ ಒಂದೇ, 3,000 ಕೆಲ್ವಿನ್ ಒಂದೇ, ಆದ್ದರಿಂದ ಸಮ ಎಂದು ಅಗ್ಗದ ದೀಪ ಬರುತ್ತದೆ. ಬೀಮ್, ಅಂದರೆ ಬೆಳಕು ಹರಡುವ ಕೋನ, 24 ಡಿಗ್ರಿ ಇದ್ದದ್ದು 60 ಆಗಿರುತ್ತದೆ. ಕಂಬಕ್ಕೆ ಬೀಳಬೇಕಾದ ಬೆಳಕು ಗೋಡೆಯ ತುಂಬ ಚೆಲ್ಲುತ್ತದೆ. ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ದೀಪದ ಕೆಳಗೆ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ ಸಿಆರ್‌ಐ. ಸಿಆರ್‌ಐ 80 ಎಂದು ಪೆಟ್ಟಿಗೆಯ ಮೇಲೆ ಬರೆಯುವ ಸಂಖ್ಯೆ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಇಲ್ಲ, ಅದನ್ನು ಆರ್9 ಎಂದು ಬೇರೆಯಾಗಿ ಅಳೆಯುತ್ತಾರೆ. ನಮ್ಮ ತೊಟ್ಟಿಮನೆಗಳಲ್ಲಿ ಇರುವುದೇ ಕೆಂಪು: ಕಾವಿ ನೆಲ, ಹೆಂಚು, ಬೀಟೆ ಮರದ ಕಂಬ. ಆರ್9 ಕಡಿಮೆಯಿರುವ ದೀಪದ ಕೆಳಗೆ ಆ ನೆಲ ಒಣಗಿದ ಕೆಸರಿನಂತೆ ಕಾಣುತ್ತದೆ, ಮನೆಯವರು ಪಾಲಿಶ್ ಹಾಕುವವನನ್ನು ಬೈಯುತ್ತಾರೆ. ಎರಡೂ ದೀಪಗಳನ್ನು ಅದೇ ನೆಲದ ಮೇಲೆ ಪಕ್ಕಪಕ್ಕ ಉರಿಸಿ ತೋರಿಸಿ ನೋಡಿ. ದುಬಾರಿಯದನ್ನು ನೀವೇ ಹೆಚ್ಚು ಮಾರುತ್ತೀರಿ.

ಪ್ರಶ್ನೆ (ಬೇಲೂರು): ನಮ್ಮ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಚೆನ್ನಕೇಶವನ ಗುಡಿಗೆ, ಹಳೇಬೀಡಿಗೆ ರಾತ್ರಿ ಝಗಮಗ ಎನ್ನುವಂತೆ ಯಾಕೆ ಬೆಳಕು ಹಾಕಬಾರದು?

ಉತ್ತರ: ಅನುಮತಿಯ ಮಾತು ಮೊದಲು. ರಕ್ಷಿತ ಸ್ಮಾರಕದಲ್ಲಿ ಪುರಾತತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು.

ನನ್ನ ತಕರಾರು ಬೇರೆ. ಜಗಲಿಯ ಕೆಳಗಿನಿಂದ ಫ್ಲಡ್‌ಲೈಟ್ ಹೊಡೆದರೆ ನೆರಳು ತಲೆಕೆಳಗಾಗುತ್ತದೆ. ಸೂರಿನಡಿಯ ಮದನಿಕೆಯರನ್ನು ಕೆತ್ತಿದವನು ಸೂರ್ಯ ಮೇಲಿದ್ದಾನೆ ಎಂದುಕೊಂಡು ಕೆತ್ತಿದ್ದಾನೆ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಹಾರದ ಕೆಳಗೆ ನೆರಳು ಬಿದ್ದರೆ ಮುಖ ಮುಖವಾಗಿ ಕಾಣುತ್ತದೆ. ಬೆಳಕು ಕೆಳಗಿನಿಂದ ಬಂದರೆ ಮೂಗಿನ ನೆರಳು ಹಣೆಯತ್ತ ಏರಿ, ನಗುತ್ತಿದ್ದವಳು ಹೆದರಿಸುವವಳಾಗುತ್ತಾಳೆ. ಎದುರಿನಿಂದ ಸಮನಾಗಿ ಹೊಡೆದರೂ ಕೆಡುಕೇ, ಆಳವೆಲ್ಲ ಅಳಿಸಿಹೋಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಅದರ ಹಿಂಬದಿಯ ಗೋಡೆಗೆ ಇಳಿಹೊತ್ತಿನ ಓರೆ ಬಿಸಿಲು ಬೀಳುವಾಗ ಒಮ್ಮೆ ನಿಂತು ನೋಡಿ. ಕೆಳಸಾಲಿನ ಆನೆಗಳ ಕಾಲುಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ಬರುತ್ತವೆ. ವಿನ್ಯಾಸಕರು ಕಲಿಯಬೇಕಾದ ಕೋನ ಅದು.

ಒಳಗಿನ ನವರಂಗಕ್ಕಂತೂ ಮಬ್ಬು ಸಹಜ. ಬೇಲೂರಿನಲ್ಲಿ ಜಾಲಂಧ್ರಗಳಿಂದ (ಕಲ್ಲಿನ ಜಾಲರಿ ಕಿಟಕಿಗಳಿಂದ) ಸೋಸಿ ಬರುವ ಬೆಳಕಿಗೆ ಕಣ್ಣು ಹೊಂದಲು ಒಂದೆರಡು ನಿಮಿಷ ಕೊಟ್ಟರೆ ಕಂಬಗಳ ಹೊಳಪು ತಾನಾಗಿ ಕಾಣುತ್ತದೆ. ಝಗಮಗ ಮದುವೆ ಛತ್ರಕ್ಕೆ ಇರಲಿ.

ಪ್ರಶ್ನೆ (ಚಿಕ್ಕಮಗಳೂರು): ಯಾವ ಬ್ರ್ಯಾಂಡ್ ಒಳ್ಳೆಯದು?

ಉತ್ತರ: ಯಾವ ಕಂಪನಿ ತನ್ನ ದೀಪದ ಐಇಎಸ್ ಫೈಲ್ (ಬೆಳಕು ಯಾವ ದಿಕ್ಕಿಗೆ ಎಷ್ಟು ಬೀಳುತ್ತದೆ ಎಂಬ ಅಳತೆಯ ಕಡತ) ಮತ್ತು ಪರೀಕ್ಷಾ ವರದಿಯನ್ನು ಕೇಳಿದ ದಿನವೇ ಕಳಿಸುತ್ತದೋ ಅದು.

ಪ್ರಶ್ನೆ (ಚಿಕ್ಕಮಗಳೂರು, ಇಂಟೀರಿಯರ್ ವಿದ್ಯಾರ್ಥಿನಿ): ಮೇಡಂ, ರಾತ್ರಿ ಸೈಟ್ ಕೆಲಸ ಇರುತ್ತದಂತೆ. ಹುಡುಗಿಯರಿಗೆ ಕಷ್ಟವೇ?

ಉತ್ತರ: ದೀಪಗಳ ದಿಕ್ಕು ಕೂರಿಸುವ ಕೆಲಸ ಕತ್ತಲಾದ ಮೇಲೆಯೇ ಆಗಬೇಕು, ತಪ್ಪಿಸಲು ಬರುವುದಿಲ್ಲ. ಏಣಿಯ ಮೇಲೆ ಒಬ್ಬರು, ಕೆಳಗೆ ನಾನು, "ಇನ್ನೂ ಎಡಕ್ಕೆ, ಸಾಕು, ಬಿಗಿ ಮಾಡಿ" ಎನ್ನುತ್ತಾ ಗಂಟೆಗಟ್ಟಲೆ. ಮೊದಮೊದಲು ಮೇಸ್ತ್ರಿಗಳು ನನ್ನನ್ನು ಬಿಟ್ಟು ಪಕ್ಕದಲ್ಲಿ ನಿಂತ ಗಂಡಸರ ಮುಖ ನೋಡುತ್ತಿದ್ದರು. ಎರಡು ದೀಪಗಳನ್ನು ನಾನೇ ಹತ್ತಿ ತಿರುಗಿಸಿದ ಮೇಲೆ ಅದು ನಿಲ್ಲುತ್ತದೆ. ಹೋಗಿಬರುವ ವಾಹನ, ಜೊತೆಗೊಬ್ಬರು ಸಹಾಯಕರು, ಇವೆರಡನ್ನೂ ನಿಮ್ಮ ದರ ಬರೆದುಕೊಡುವಾಗಲೇ ಸೇರಿಸಿ. ಕೊನೆಗೆ ಕೇಳಿದರೆ ಯಾರೂ ಕೊಡುವುದಿಲ್ಲ.

ಪ್ರತಿಕ್ರಿಯೆ (ಮೊದಲು ಕೇಳಿದ ವಿದ್ಯಾರ್ಥಿ): ಈಗಿನಿಂದಲೇ ಏನು ಮಾಡಲಿ ಮೇಡಂ?

ಉತ್ತರ: ಬೆಳಕಿನ ಲೆಕ್ಕ ಹಾಕುವ ಡಯಾಲಕ್ಸ್ ತಂತ್ರಾಂಶದ ಮೂಲ ಆವೃತ್ತಿ ಉಚಿತ, ಹಾಕಿಕೊಳ್ಳಿ. ನಿಮ್ಮ ತರಗತಿಯ ಅಳತೆ ತೆಗೆದು ಅದರಲ್ಲಿ ಕಟ್ಟಿ, ಡೆಸ್ಕಿನ ಮೇಲೆ 300 ಲಕ್ಸ್ ಬರುವಂತೆ ದೀಪ ಜೋಡಿಸಿ. ಆಮೇಲೆ ಕಾಲೇಜಿನ ಲ್ಯಾಬ್‌ನಿಂದ ಲಕ್ಸ್ ಮೀಟರ್ ಎರವಲು ತಂದು ನಿಜವಾದ ಡೆಸ್ಕಿನ ಮೇಲೆ ಎಷ್ಟಿದೆ ಅಳೆಯಿರಿ. ಎರಡೂ ಸಂಖ್ಯೆಗಳನ್ನು ನನಗೆ ಕಳಿಸಿ. ವ್ಯತ್ಯಾಸ ಯಾಕೆ ಬಂತು ಎಂದು ನೀವೇ ಊಹಿಸಿ ಬರೆದಿರಬೇಕು.