ಇಂಜಿನ್ ಬದಲಾಯಿಸಿದ ಹಳೆಯ ಜಿಪ್ಸಿ: ಆರ್‌ಸಿ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ಮಣ್ಣಿನ ದಾರಿ ತೀರಾ ಕಡಿದಾಗಿದ್ದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತು, ಸುಣ್ಣ, ಪಂಪು ಎಲ್ಲವನ್ನೂ ತಲೆಹೊರೆಯಲ್ಲೇ ಸಾಗಿಸಬೇಕಾಗುತ್ತದೆ. ಅದಕ್ಕಾಗಿ ಫೋರ್ ವೀಲ್ ಡ್ರೈವ್ ವಾಹನ ಹುಡುಕುತ್ತಿದ್ದೇನೆ; ಹೊಸ ಥಾರ್ ನಮ್ಮ ಕೈಗೆಟುಕುವುದಿಲ್ಲ.

ಕುಮಟಾದಲ್ಲಿ ಮಾರಾಟಕ್ಕಿರುವ ಹಳೆಯ ಮಾರುತಿ ಜಿಪ್ಸಿಯೊಂದು ನನಗೆ ಬಹಳ ಹಿಡಿಸಿದೆ. ಹಗುರವಾದ ಗಾಡಿ, ಕಡಿದಾದ ದಾರಿಯಲ್ಲಿ ನಿಧಾನವಾಗಿ, ಹೆಚ್ಚು ಎಳೆತದಿಂದ ಸಾಗಲು ಬಳಸುವ ಲೋ ರೇಂಜ್ ಗೇರ್ ಸರಿಯಾಗಿ ಬೀಳುತ್ತದೆ, ಚಾಸಿಗೆ ತುಕ್ಕು ಹಿಡಿದಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಮೂಲದ 1.3 ಲೀಟರ್ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಲಾಗಿದ್ದು, ಆರ್‌ಸಿಯಲ್ಲಿ ಇಂದಿಗೂ ಪೆಟ್ರೋಲ್ ಎಂದೇ ಇದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಅದನ್ನೇ ಎತ್ತಿಹಿಡಿದಿದೆ.

ಮಾರುವವರು ಆಮೇಲೆ ಆರ್‌ಸಿ ತಿದ್ದಿಸಿಕೊಳ್ಳಬಹುದು ಎನ್ನುತ್ತಾರೆ. ವಿಚಾರಿಸಿದ ಏಜೆಂಟರೊಬ್ಬರು ಪೆಟ್ರೋಲ್ ಇಂಜಿನನ್ನೇ ಮರಳಿ ಹಾಕಿಸಬೇಕೆಂದರು. ವಿಮಾ ಕಂಪನಿಯವರಿಂದ ಸ್ಪಷ್ಟ ಉತ್ತರ ಸಿಗಲಿಲ್ಲ. ಆಳುಗಳನ್ನು ಕೂರಿಸಿಕೊಂಡು ಡಾಂಬರು ರಸ್ತೆಯಲ್ಲೂ ಓಡಾಡಲೇಬೇಕಾದ್ದರಿಂದ, ಅಪಘಾತವಾದಾಗ ವಿಮೆಯ ಪರಿಹಾರ ಸಿಗದಂತಹ ಗಾಡಿಯನ್ನು ನಾನು ಓಡಿಸಲಾರೆ.

ಹೀಗೆ ಮೊದಲೇ ಬದಲಾಯಿಸಿದ ಡೀಸೆಲ್ ಇಂಜಿನನ್ನು ಶಿರಸಿ ಅಥವಾ ಕಾರವಾರದ ಆರ್‌ಟಿಒದಲ್ಲಿ ಯಾರಾದರೂ ಆರ್‌ಸಿಗೆ ಸೇರಿಸಿಕೊಂಡಿದ್ದೀರಾ? ಸೇರಿಸಿಕೊಂಡಿದ್ದರೆ ಯಾವ ದಾಖಲೆ ಕೇಳಿದರು? ಸಾಧ್ಯವಿಲ್ಲವೆಂದಾದರೆ, ಜಿಪ್ಸಿಯ ಮೂಲ ಪೆಟ್ರೋಲ್ ಇಂಜಿನ್ ಸುಸ್ಥಿತಿಯಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.