ಸಾಲ್ವೇಜ್ ಆರ್ಕಿಯಾಲಜಿಗೆ ‘ಜೀರ್ಣೋದ್ಧಾರ’ ಒಗ್ಗುತ್ತದೆಯೇ?

ನಮಸ್ಕಾರ. ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಿಂದ ಈಜಿಪ್ಟಿನ ದೇಗುಲಗಳನ್ನು ಉಳಿಸಿದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಸಾಲ್ವೇಜ್ ಆರ್ಕಿಯಾಲಜಿಗೆ, ಅಂದರೆ ನಾಶವಾಗಲಿರುವ ಪುರಾತನ ಅವಶೇಷಗಳನ್ನು ಉಳಿಸುವ, ದಾಖಲಿಸುವ ಕೆಲಸಕ್ಕೆ, ಕನ್ನಡದಲ್ಲಿ ‘ಜೀರ್ಣೋದ್ಧಾರ’ ಅನ್ನಬಹುದೇ? ‘ಸ್ಥಳಾಂತರ’ ಸಾಲದು ಅನಿಸುತ್ತಿದೆ. ತಿಳಿದವರು ಹೇಳಬೇಕು.

*

‘ಜೀರ್ಣೋದ್ಧಾರ’ ದಯವಿಟ್ಟು ಬೇಡ. ಅದರಲ್ಲಿ ಶಿಥಿಲವಾದ ಕಲ್ಲು ತೆಗೆದು ಹೊಸದಿಡುವುದರಿಂದ ಹಿಡಿದು ಬಣ್ಣ ಬಳಿದು ಕುಂಭಾಭಿಷೇಕ ಮಾಡುವವರೆಗೆ ಎಲ್ಲವೂ ಬರುತ್ತದೆ. ಆ ದೇಗುಲಗಳಿದ್ದ ನುಬಿಯಾ ಸೀಮೆಯಲ್ಲಿ ಇದ್ದ ಹಟವೇ ಬೇರೆ: ಗುಡಿಯಲ್ಲಿ ಯಾವ ಕಲ್ಲು ಎಲ್ಲಿತ್ತೋ ಅಲ್ಲೇ ಮತ್ತೆ ಕೂರಬೇಕು.

ಕ್ರಿಯಾಪದವನ್ನೂ ನೋಡಿ ಬಳಸಿ. ಅಬು ಸಿಂಬೆಲ್ ಬಂಡೆ ಕೊರೆದು ಮಾಡಿದ ಗುಡಿ, ಬಿಚ್ಚಲು ಸಂದುಗಳೇ ಇಲ್ಲ. ಹಾಗಾಗಿ 1964ರಿಂದ 68ರವರೆಗೆ ಅದನ್ನು ‘ಕೊಯ್ದು’ ಸಾಗಿಸಿದರು. ನೀರು ಏರುತ್ತಿದ್ದುದರಿಂದ ಮೊದಲು ತಡೆಗೋಡೆ ಕಟ್ಟಿದರು. ಮೇಲಿನ ಗುಡ್ಡ ಕಡಿಯುವಾಗ ಚೂರು ಬಿದ್ದು ಈಜಿಪ್ಟಿನ ದೊರೆ ರಾಮ್ಸೆಸ್‌ನ ವಿಗ್ರಹಗಳು ಒಡೆಯಬಾರದೆಂದು ಮುಂಭಾಗಕ್ಕೆ ಮರಳು ತುಂಬಿ ಮುಚ್ಚಿದರು. ಕಣ್ಣಿಗೆ ಬೀಳುವ ಮುಖಗಳಲ್ಲಿ ಕೈಗರಗಸ ಬಳಸಿದರು. ಕೊಯ್ತದ ಸೀಳು ಕೆಲವೇ ಮಿಲಿಮೀಟರಿನಷ್ಟಿರಬೇಕಿತ್ತು. ಒಂದೊಂದು ತುಂಡು 20–30 ಟನ್. ಆ ಮರಳುಗಲ್ಲು ಮೆದು. ಹಗ್ಗ ಬಿಗಿದು ಎತ್ತಿದರೆ ಅಂಚು ಉದುರುತ್ತದೆ. ಅದಕ್ಕೆ ತುಂಡಿನ ನೆತ್ತಿಯಲ್ಲಿ ತೂತು ಕೊರೆದು, ಉಕ್ಕಿನ ಸರಳುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಅವಕ್ಕೇ ಕ್ರೇನಿನ ಕೊಕ್ಕೆ ಹಾಕಿದರು. ಸುಮಾರು 65 ಮೀಟರ್ ಮೇಲೆ ಮತ್ತೆ ಜೋಡಿಸಿದ ಗುಡಿಯ ಸುತ್ತ ಗುಡ್ಡವನ್ನೂ ಹೊಸದಾಗಿ ಕಟ್ಟಬೇಕಾಯಿತು. ಆ ಭಾರ ಹಳೆಯ ಚಾವಣಿಯ ಮೇಲೆ ಬೀಳದಂತೆ ನಡುವೆ ಕಾಂಕ್ರೀಟ್ ಗುಮ್ಮಟವಿದೆ.

ಫಿಲೆ ದ್ವೀಪದ ದೇಗುಲ ಹಾಗಲ್ಲ, ಅದು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ದ್ವೀಪದ ಸುತ್ತ ಉಕ್ಕಿನ ಹಾಳೆಗಳನ್ನು ಎರಡು ಸಾಲಾಗಿ ನೆಟ್ಟು, ನಡುವೆ ಮರಳು ತುಂಬಿ, ಒಳಗಿನ ನೀರನ್ನು ಪಂಪ್ ಮಾಡಿ ಹೊರಹಾಕಿದರು. ಆಮೇಲೆ ಸುಮಾರು 40,000 ಕಲ್ಲುಗಳಿಗೆ ಗುರುತು ಹಾಕಿ, ‘ಬಿಚ್ಚಿ’, ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ‘ಮರುಜೋಡಣೆ’ ಮಾಡಿದರು. 1980ಕ್ಕೆ ಮುಗಿಯಿತು. ಅಮಾದಾ ಗುಡಿಗೆ ‘ಕೊಯ್ದು’, ‘ಬಿಚ್ಚಿ’ ಎರಡು ಪದವೂ ನಡೆಯುವುದಿಲ್ಲ. ಅಲ್ಲಿ ಬಣ್ಣದ ಉಬ್ಬುಚಿತ್ರಗಳಿದ್ದವು, ಬಿಚ್ಚಿದ್ದರೆ ಬಣ್ಣ ಉದುರಿಹೋಗುತ್ತಿತ್ತು. ಚಿತ್ರಗಳಿದ್ದ ಭಾಗವನ್ನು ಇಡಿಯಾಗಿ ಹಳಿಗಳ ಮೇಲೆ ಎರಡೂವರೆ ಕಿಲೋಮೀಟರಿನಷ್ಟು ‘ಸರಿಸಿದರು’. ಈ ಮೂರಕ್ಕೂ ಸೇರಿ ‘ಸ್ಥಳಾಂತರ’ ಧಾರಾಳವಾಗಿ ಸಾಕು.

ಆದರೆ ಸಾಲ್ವೇಜ್ ಆರ್ಕಿಯಾಲಜಿ ಎಂದರೆ ಗುಡಿ ಸಾಗಿಸುವುದಷ್ಟೇ ಅಲ್ಲ. ನುಬಿಯಾದ ಎಷ್ಟೋ ಊರು, ಸ್ಮಶಾನಗಳನ್ನು ಸಾಗಿಸುವ ಮಾತೇ ಇರಲಿಲ್ಲ. ನೀರು ಬರುವ ಮೊದಲು ಅಗೆದು, ಅಳೆದು, ನಕ್ಷೆ ಬರೆದು, ಫೋಟೊ ತೆಗೆದು, ಸಿಕ್ಕ ವಸ್ತುಗಳನ್ನು ತೆಗೆದುಕೊಂಡು ಜಾಗವನ್ನು ನೀರಿಗೆ ಬಿಟ್ಟರು. 1961–62ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ನೇತೃತ್ವದ ಭಾರತೀಯ ತಂಡ ನುಬಿಯಾದ ಅಫ್ಯೇಹ್‌ನಲ್ಲಿ ಮಾಡಿದ್ದು ಇಂಥ ಉತ್ಖನನವನ್ನೇ. ಇದಕ್ಕೆ ‘ರಕ್ಷಣಾ ಪುರಾತತ್ವ’ ಎಂದರೆ ಓದುಗರಿಗೆ ಸೇನೆ ನೆನಪಾಗುತ್ತದೆ. ‘ತುರ್ತು ಉತ್ಖನನ’ ನನ್ನ ಆಯ್ಕೆ. ಗಡುವು ಇದೆ ಎಂಬುದು ಅದರಲ್ಲೇ ಇದೆ. ‘ಮುಳುಗಡೆಪೂರ್ವ ಉತ್ಖನನ’ ಈ ಲೇಖನಕ್ಕೆ ಇನ್ನೂ ಚೆನ್ನ, ಆದರೆ ಹೆದ್ದಾರಿ ಕಾಮಗಾರಿಗೆ ಮುಂಚೆ ನಡೆಯುವ ಅಗೆತಕ್ಕೆ ಅದು ಹೊಂದುವುದಿಲ್ಲ.